ಅಪ್ಪನ ಕಡದ ಪುಸ್ತಕ

ಘಟ್ಟದ ಬುಡದಲ್ಲಿ ನಮ್ಮ ಅಪ್ಪನದೊಂದು ಜಿನಸಿ ಅಂಗಡಿ ಇತ್ತು. ಕುಚ್ಚಲಕ್ಕಿ, ಬೆಲ್ಲ, ಚಾ ಹುಡಿ, ಒಣಮೀನು, ಬೀಡಿ, ಟಾರ್ಚಿನ ಸೆಲ್ಲು. ಅಂಗಡಿಯ ಹಿಂದಿನಿಂದಲೇ ಕಾಡು ಶುರು. ಅದರ ಮೇಲೆ ಕುದುರೆಮುಖದ ಸಾಲು. ಗಲ್ಲಾಪೆಟ್ಟಿಗೆಯ ಪಕ್ಕ ಕೆಂಪು ಬಟ್ಟೆಯ ರಟ್ಟಿನ ಒಂದು ಉದ್ದ ಪುಸ್ತಕ ಇರುತ್ತಿತ್ತು. ಅದು ಕಡದ ಪುಸ್ತಕ. ಯಾರ ಮನೆಗೆ ಎಷ್ಟು ಸಾಮಾನು ಹೋಯಿತು, ಎಷ್ಟು ಬಾಕಿ ಅಂತ ಅಪ್ಪ ರಾತ್ರಿ ಕೂತು ಬರೆಯುತ್ತಿದ್ದರು. ಅಡಿಕೆ ಮಾರಿದ ಮೇಲೆ, ಇಲ್ಲವೇ ಕೂಲಿ ಸಿಕ್ಕಿದ ಮೇಲೆ ಜನ ಬಂದು ಹೊಡೆದುಹಾಕಿಸಿಕೊಂಡು ಹೋಗುತ್ತಿದ್ದರು.

2006ರ ಮಳೆಗಾಲ. ನಾನಾಗ ಪಿಯುಸಿ. ಒಂದು ಮಧ್ಯಾಹ್ನ ಅಂಗಡಿ ಮುಂದೆ ಜೀಪು ನಿಂತಿತು. ಇಬ್ಬರು ಸಮವಸ್ತ್ರದಲ್ಲಿದ್ದರು, ಒಬ್ಬರು ಸಾದಾ ಬಟ್ಟೆಯಲ್ಲಿ.

"ಹೋದ ತಿಂಗಳು ಒಟ್ಟಿಗೆ 20 ಕಿಲೋ ಅಕ್ಕಿ ಯಾರೆಲ್ಲ ತೆಗೊಂಡರು?"

"ಮಳೆಗಾಲಕ್ಕೆ ಎಲ್ಲರೂ ಒಟ್ಟಿಗೇ ತೆಗೊಳ್ತಾರೆ ಸಾರ್. ಹೊಳೆ ತುಂಬಿದರೆ ಈಚೆ ಬರಲಿಕ್ಕೆ ಆಗುವುದಿಲ್ಲ."

"ಇಷ್ಟು ಸೆಲ್ಲು ಯಾಕೆ?"

"ಮೇಲೆ ಕರೆಂಟಿಲ್ಲ ಸಾರ್."

ಅವರು ಪುಸ್ತಕ ಎತ್ತಿಕೊಂಡು ಹೋದರು. 23 ದಿನ ಅದು ವಾಪಸ್ ಬರಲಿಲ್ಲ. ಆ 23 ದಿನಗಳಲ್ಲಿ ಪುಸ್ತಕದಲ್ಲಿದ್ದ 11 ಮನೆಯವರನ್ನು ಒಬ್ಬೊಬ್ಬರನ್ನಾಗಿ ಕರೆಸಿ ವಿಚಾರಿಸಿದರು. ಕಾಡಿನವರಿಗೆ, ಅಂದರೆ ನಕ್ಸಲರಿಗೆ, ಊಟ ಹಾಕಿದ್ದೀರಾ, ಅಕ್ಕಿ ಕೊಟ್ಟಿದ್ದೀರಾ ಅಂತ. ಒಬ್ಬರು ಎರಡು ದಿನ ಕೆಲಸ ಬಿಟ್ಟು ಬೆಂಚಿನ ಮೇಲೆ ಕೂತು ಬಂದರು. ಯಾರ ಮೇಲೂ ಕೇಸು ಆಗಲಿಲ್ಲ. ಪುಸ್ತಕ ಬಂದಾಗ ಅದರ ಅಂಚು ಒದ್ದೆಯಾಗಿ ಉಬ್ಬಿತ್ತು. ಕೆಲವು ಹೆಸರುಗಳ ಸುತ್ತ ಪೆನ್ಸಿಲಿನ ವೃತ್ತಗಳಿದ್ದವು.

ಅಪ್ಪ ಆಮೇಲೆ ಆ ಪುಸ್ತಕದಲ್ಲಿ ಹೆಸರು ಬರೆಯಲೇ ಇಲ್ಲ. "ಹೊಳೆಬದಿ", "ಮೇಲಿನ ಮನೆ", "ಹಲಸಿನ ಮರ" ಅಂತ ಗುರುತು ಹಾಕುತ್ತಿದ್ದರು. ಮೂರು ಮನೆಯವರು ನಮ್ಮ ಅಂಗಡಿಗೆ ಬರುವುದನ್ನೇ ನಿಲ್ಲಿಸಿದರು. ನಮ್ಮ ಮೇಲೆ ಕೋಪವಲ್ಲ. ಹೆದರಿಕೆ.

ಇದನ್ನು ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಹದಿಮೂರು ವರ್ಷದಿಂದ ನಾನಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ಮಹಾರಾಷ್ಟ್ರದ ವಿಶೇಷ ಜನ ಸುರಕ್ಷಾ ಮಸೂದೆ 2025ರ ಜುಲೈ 10ರಂದು ವಿಧಾನಸಭೆಯಲ್ಲಿ ಪಾಸಾಯಿತು. ಮರುದಿನ ಪರಿಷತ್ತಿನಲ್ಲೂ ಆಯಿತು. ಸಭೆಯಲ್ಲಿ ವಿರೋಧಿಸಿದ್ದು ಸಿಪಿಎಂನ ಒಬ್ಬರೇ ಶಾಸಕರು, ವಿನೋದ್ ನಿಕೋಲೆ. ಟಿವಿಯಲ್ಲಿ ದಿನವಿಡೀ "ನಗರ ನಕ್ಸಲ" ಅನ್ನುವ ಪದ ಓಡುತ್ತಿತ್ತು. ಕಾಡಿನಲ್ಲಿ ಬಂದೂಕು ಹಿಡಿದವರಿಗೆ ಪೇಟೆಯಲ್ಲಿ ಕೂತು ನೆರವಾಗುವವರ ಜಾಲ ಇದೆ, ಅದನ್ನು ಕತ್ತರಿಸಬೇಕು ಎಂಬುದು ಸರ್ಕಾರದ ಮಾತು. ಛತ್ತೀಸ್‌ಗಢ, ತೆಲಂಗಾಣ, ಆಂಧ್ರ, ಒಡಿಶಾಗಳಲ್ಲಿ ಇಂಥ ಕಾನೂನು ಇದೆ, ನಮ್ಮಲ್ಲೂ ಬೇಕು ಎಂದು ಹೇಳಿದರು.

ನೆರವು ಅನ್ನುವ ಪದ ಕಿವಿಗೆ ಬಿದ್ದ ಕೂಡಲೇ ನನಗೆ ಆ ಪೆನ್ಸಿಲ್ ವೃತ್ತಗಳು ಕಂಡವು.

ನಮ್ಮ ಕಡೆ ನಕ್ಸಲರು ಮಾಡಿದ್ದನ್ನು ನಾನು ಮರೆತಿಲ್ಲ. 2005ರ ಫೆಬ್ರವರಿಯಲ್ಲಿ ಚಿಕ್ಕಮಗಳೂರಿನ ಕಾಡಿನಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಸತ್ತ ಕೆಲವೇ ದಿನಕ್ಕೆ, ಪಾವಗಡ ತಾಲೂಕಿನಲ್ಲಿ ಪೊಲೀಸರ ಕ್ಯಾಂಪಿಗೆ ರಾತ್ರಿ ನುಗ್ಗಿ ಸಿಬ್ಬಂದಿಯನ್ನು ಕೊಂದರು. 2008ರಲ್ಲಿ ಸೀತಾನದಿಯ ಒಬ್ಬ ಮೇಷ್ಟ್ರನ್ನು ಕೊಂದರು. ಆ ಮೇಷ್ಟ್ರ ಸುದ್ದಿ ಬಂದ ದಿನ ನಮ್ಮೂರಿನಲ್ಲಿ ಸಂಜೆ ಆರಕ್ಕೇ ಬಾಗಿಲು ಹಾಕಿದ್ದರು. ರಾತ್ರಿ ಬಂದೂಕು ಹಿಡಿದವನು ಬಾಗಿಲು ತಟ್ಟಿ ಅನ್ನ ಕೇಳಿದರೆ ಕೊಡಲೇಬೇಕು. ಕೊಟ್ಟರೆ ಬೆಳಿಗ್ಗೆ ಜೀಪು. ಕೊಡದೆ ಪೊಲೀಸರಿಗೆ ಹೇಳಿದರೆ ಕಾಡಿನವರು ಬಿಡುವುದಿಲ್ಲ. ಹಾಗೆ ಬದುಕಿದವರು ನಾವು. ಬಾಂಬಿಗೆ ದುಡ್ಡು ಕೊಡುವವನಿಗೆ, ಬಂದೂಕು ಸಾಗಿಸುವವನಿಗೆ ಶಿಕ್ಷೆ ಆಗಲೇಬೇಕು. ಅದಕ್ಕೆ ಯುಎಪಿಎ, ಅಂದರೆ ಕಾನೂನುಬಾಹಿರ ಚಟುವಟಿಕೆ ತಡೆಯುವ ಕೇಂದ್ರದ ಕಾನೂನು, ಈಗಾಗಲೇ ಇದೆ.

ನಮ್ಮ ಕಟ್ಟಡದ ಕೆಳಗಿನ ಮನೆಯ ಕಾಕು ನಿವೃತ್ತ ಮರಾಠಿ ಟೀಚರ್. ಮಸೂದೆಯನ್ನು ಜಂಟಿ ಸಮಿತಿಗೆ ಕಳಿಸಿ, ಸಾರ್ವಜನಿಕರಿಂದ ಸಲಹೆ ಕೇಳಿದಾಗ ನಾವಿಬ್ಬರೂ ಅವರ ಅಡುಗೆಮನೆಯ ಮೇಜಿನ ಮೇಲೆ ಅದನ್ನು ಹರಡಿಕೊಂಡು ಓದಿದೆವು. ಅವರು ಮರಾಠಿಯಲ್ಲಿ ಓದುವುದು, ನಾನು ಇಂಗ್ಲಿಷ್ ಪ್ರತಿಯಲ್ಲಿ ಬೆರಳಿಡುವುದು. ಕಾನೂನುಬಾಹಿರ ಸಂಘಟನೆ ಎಂದು ಘೋಷಿಸುವುದು ಸರ್ಕಾರ. ಅದರ ಸದಸ್ಯನಾದರೆ ಮೂರು ವರ್ಷದವರೆಗೆ ಜೈಲು, 3 ಲಕ್ಷ ರೂಪಾಯಿವರೆಗೆ ದಂಡ. ಕಾನೂನುಬಾಹಿರ ಚಟುವಟಿಕೆ ನಡೆಸಿದರೆ ಏಳು ವರ್ಷದವರೆಗೆ. ಎಲ್ಲವೂ ಜಾಮೀನುರಹಿತ. ಸಂಘಟನೆಯ ಜಾಗವನ್ನು ವಶಪಡಿಸಿಕೊಂಡು ಒಳಗಿದ್ದವರನ್ನು ಹೊರಹಾಕಬಹುದು.

ಆಮೇಲೆ ಬಂದದ್ದು ಸದಸ್ಯರಲ್ಲದವರ ಸಾಲು. ಸದಸ್ಯನಲ್ಲದಿದ್ದರೂ ಅಂಥ ಸಂಘಟನೆಗೆ ಯಾವುದೇ ರೀತಿಯಲ್ಲಿ ವಂತಿಗೆ ಅಥವಾ ನೆರವು ಕೊಟ್ಟರೆ, ಅದರ ಸದಸ್ಯನಿಗೆ ಆಶ್ರಯ ಕೊಟ್ಟರೆ ಎರಡು ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ.

"ಗೊತ್ತಿದ್ದೂ ಕೊಟ್ಟರೆ ಅಂತ ಇದೆಯಾ ನೋಡು," ಅಂದರು ಕಾಕು. ನಾನು ಆ ಸಾಲನ್ನು ಮೂರು ಸಲ ಓದಿದೆ. ನನಗೆ ಸಿಗಲಿಲ್ಲ. ಯುಎಪಿಎಯ 39ನೇ ಕಲಮಿನಲ್ಲಿ, ಅದು ಎಷ್ಟೇ ಕಠಿಣ ಕಾನೂನಾದರೂ, ಆ ಸಂಘಟನೆಯ ಕೆಲಸವನ್ನು ಮುಂದುವರಿಸುವ ಉದ್ದೇಶ ಇರಬೇಕು ಅಂತ ಬರೆದಿದೆ. ಇಲ್ಲಿ ಆ ಮಾತಿಲ್ಲ. ಇಡೀ ಮಸೂದೆಯಲ್ಲಿ ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು ಆ ಇಲ್ಲದ ಪದ.

ಕಾನೂನುಬಾಹಿರ ಚಟುವಟಿಕೆ ಅಂದರೆ ಏನು ಎಂಬ ಪಟ್ಟಿಯೂ ಹಾಗೆಯೇ ಅಗಲ. ಮಾತಿನಿಂದಾಗಲಿ ಬರಹದಿಂದಾಗಲಿ ಸಾರ್ವಜನಿಕ ಶಾಂತಿಗೆ ಅಡ್ಡಿಯಾಗುವ ಕಡೆಗೆ ವಾಲುವುದು ಕೂಡ ಅದರಲ್ಲಿ ಸೇರುತ್ತದೆ. ಕಾನೂನನ್ನು ಮೀರಿ ಎಂದು ಹೇಳಿಕೊಡುವುದೂ ಸೇರುತ್ತದೆ. 1930ರಲ್ಲಿ ಅಂಕೋಲೆಯ ಕಡಲತೀರದಲ್ಲಿ ಉಪ್ಪು ತೆಗೆದವರು ಮಾಡಿದ್ದು ಅದನ್ನೇ ಅಲ್ವಾ?

12 ಸಾವಿರಕ್ಕೂ ಹೆಚ್ಚು ಸಲಹೆಗಳು ಆ ಸಮಿತಿಗೆ ಹೋದವು. ನಮ್ಮ ಒಂದು ಪುಟವೂ ಅದರಲ್ಲಿತ್ತು. ಸಮಿತಿ ಕೆಲವು ಬದಲಾವಣೆ ಮಾಡಿತು. ಮಸೂದೆ ಯಾಕೆ ಎಂದು ಹೇಳುವ ಸಾಲಿನಲ್ಲಿ ಎಡಪಂಥೀಯ ತೀವ್ರವಾದಿ ಸಂಘಟನೆಗಳು ಎಂದು ಸೇರಿಸಿತು. ಸರ್ಕಾರದ ಘೋಷಣೆಯನ್ನು ಪರಿಶೀಲಿಸುವ ಸಲಹಾ ಮಂಡಳಿಯಲ್ಲಿ ಯಾರಿರಬೇಕು ಎಂಬುದನ್ನು ಬದಲಿಸಿತು. ತನಿಖೆಯನ್ನು ಸಬ್ ಇನ್‌ಸ್ಪೆಕ್ಟರ್ ಬದಲು ಡಿವೈಎಸ್ಪಿ ದರ್ಜೆಯವರು ಮಾಡಬೇಕು ಎಂದಿತು. ಇದು ಒಳ್ಳೆಯದೇ. ಆದರೆ ನಾವು ಕೇಳಿದ್ದು ಒಂದು ಪದ.

ಆ ಪದ ಇಲ್ಲದಿದ್ದರೆ ಏನಾಗುತ್ತದೆ ಎಂದು ಛತ್ತೀಸ್‌ಗಢ ನೋಡಿದೆ. ಅಲ್ಲಿಯ ಕಾನೂನು 2005ರದು. ಅದರಡಿ 2007ರ ಮೇ ತಿಂಗಳಲ್ಲಿ ಬಿನಾಯಕ್ ಸೇನ್ ಅವರನ್ನು ಬಂಧಿಸಿದರು. ಬಡವರ ಮಧ್ಯೆ ಕೆಲಸ ಮಾಡಿದ ಮಕ್ಕಳ ವೈದ್ಯರು ಅವರು. ಜೈಲಿನಲ್ಲಿದ್ದ ಒಬ್ಬ ವೃದ್ಧ ಮಾವೋವಾದಿ ನಾಯಕರನ್ನು 30ಕ್ಕೂ ಹೆಚ್ಚು ಸಲ ನೋಡಲು ಹೋಗಿದ್ದರು, ಜೈಲಿನವರ ಅನುಮತಿ ಪಡೆದೇ. ಅವರ ಪತ್ರಗಳನ್ನು ಹೊರಗೆ ಸಾಗಿಸಿದರು ಎಂಬುದು ಆರೋಪ. 2010ರ ಡಿಸೆಂಬರಿನಲ್ಲಿ ರಾಜದ್ರೋಹಕ್ಕೆ ಜೀವಾವಧಿ ಶಿಕ್ಷೆ ಆಯಿತು. 2011ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಜಾಮೀನು ಕೊಟ್ಟಿತು. ಸಹಾನುಭೂತಿ ಇರಬಹುದು, ಅಷ್ಟಕ್ಕೇ ರಾಜದ್ರೋಹ ಆಗುವುದಿಲ್ಲ ಎಂದಿತು. ಗಾಂಧೀಜಿಯ ಆತ್ಮಕಥೆ ಮನೆಯಲ್ಲಿ ಸಿಕ್ಕಿದರೆ ಅವನು ಗಾಂಧಿವಾದಿ ಆಗುತ್ತಾನಾ ಎಂದೂ ನ್ಯಾಯಮೂರ್ತಿಗಳು ಕೇಳಿದರು.

ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯದೇ ಕಥೆ ಇದೆ. ಬೆಳ್ತಂಗಡಿ ತಾಲೂಕಿನ ಕುತ್ಲೂರಿನ ವಿಠಲ ಮಲೆಕುಡಿಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದರು. 2012ರ ಮಾರ್ಚಿನಲ್ಲಿ ಅವರನ್ನೂ ಅವರ ತಂದೆಯನ್ನೂ ಹಿಡಿದರು. ನಕ್ಸಲರಿಗೆ ನೆರವಾಗಿದ್ದಾರೆ ಎಂದು ಯುಎಪಿಎ, ರಾಜದ್ರೋಹ ಎರಡನ್ನೂ ಹಾಕಿದರು. ಸಾಕ್ಷ್ಯವಾಗಿ ತೋರಿಸಿದ್ದರಲ್ಲಿ ಭಗತ್ ಸಿಂಗ್ ಬಗೆಗಿನ ಪುಸ್ತಕ ಇತ್ತು, ಪತ್ರಿಕೆಯಿಂದ ಕತ್ತರಿಸಿದ ತುಂಡುಗಳಿದ್ದವು, ಊರಿಗೆ ಮೂಲಸೌಕರ್ಯ ಕೊಡುವವರೆಗೆ ಚುನಾವಣೆ ಬಹಿಷ್ಕರಿಸುತ್ತೇವೆ ಎಂಬ ಪತ್ರ ಇತ್ತು. ಕೈಗೆ ಕೋಳ ಹಾಕಿ ಪರೀಕ್ಷೆಗೆ ಕರೆತಂದ ಆ ಫೋಟೋ ನೋಡಿದ ದಿನ ಅಪ್ಪ ಪೇಪರನ್ನು ಮಡಚಿ ಅಕ್ಕಿಚೀಲದ ಕೆಳಗಿಟ್ಟರು. ನಮ್ಮ ಅಂಗಡಿಯಲ್ಲಿ ಪೇಪರು ಯಾವತ್ತೂ ಗಿರಾಕಿಗಳು ಓದಲಿ ಅಂತ ಬೆಂಚಿನ ಮೇಲೇ ಇರುತ್ತಿತ್ತು.

2021ರ ಅಕ್ಟೋಬರಿನಲ್ಲಿ ಮಂಗಳೂರಿನ ನ್ಯಾಯಾಲಯ ತಂದೆ ಮಗ ಇಬ್ಬರನ್ನೂ ಬಿಡುಗಡೆ ಮಾಡಿತು. ಇಂಥ ಪುಸ್ತಕ, ಪತ್ರಿಕೆ ಇಟ್ಟುಕೊಳ್ಳುವುದು ಅಪರಾಧವಲ್ಲ, ಆ ಪತ್ರದಲ್ಲಿರುವುದು ಊರವರ ಬೇಡಿಕೆಗಳು ಎಂದಿತು. ಅಷ್ಟು ಹೇಳಿಸಿಕೊಳ್ಳಲು ಒಂಬತ್ತು ವರ್ಷ ಹೋಗಿತ್ತು.

ಅದೇ ತಿಂಗಳು ಸುಪ್ರೀಂ ಕೋರ್ಟಿನಿಂದ ಇನ್ನೊಂದು ತೀರ್ಪು ಬಂತು. ಕೋಯಿಕ್ಕೋಡಿನ ಇಬ್ಬರು ವಿದ್ಯಾರ್ಥಿಗಳನ್ನು 2019ರಲ್ಲಿ ಕರಪತ್ರ, ಪುಸ್ತಕ ಸಿಕ್ಕಿತೆಂದು ಬಂಧಿಸಿದ್ದರು. ಸುಮ್ನೆ ಬೆಂಬಲ ಇದ್ದರೆ ಸಾಲದು, ಸಂಘಟನೆಯ ಭಯೋತ್ಪಾದನೆಯ ಕೆಲಸವನ್ನು ಮುಂದುವರಿಸುವ ಉದ್ದೇಶ ಕಾಣಬೇಕು ಎಂದು ಕೋರ್ಟು ಹೇಳಿತು. ಕಾಕು ಮನೆಯಲ್ಲಿ ನಾವು ಹುಡುಕಿದ್ದು ಇದನ್ನೇ.

ಇನ್ನೊಂದು ವಿಷಯ ನನ್ನನ್ನು ತುಂಬ ಕಾಡುತ್ತದೆ. ನಮ್ಮ ಕಡೆ ನಕ್ಸಲ್ ಕಥೆ ಮುಗಿದದ್ದು ಹೇಗೆ? ಗುಂಡಿನಿಂದಲೂ ಹೌದು. 2024ರ ನವೆಂಬರಿನಲ್ಲಿ ಹೆಬ್ರಿಯ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಸತ್ತರು. ಆದರೆ 2025ರ ಜನವರಿ 8ರಂದು ಮುಂಡಗಾರು ಲತಾ ಸೇರಿ ಆರು ಮಂದಿ ನಕ್ಸಲರು ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮುಂದೆ ಬಂದು ಶರಣಾದದ್ದು ಮಾತಿನಿಂದ. ಸರ್ಕಾರ ಮಾಡಿದ ಸಮಿತಿ, ಶಾಂತಿಗಾಗಿ ನಾಗರಿಕ ವೇದಿಕೆಯವರು ಅವರೊಡನೆ ಮಾತಾಡಿದ್ದರು. 2014ರಲ್ಲಿ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಕಾಡು ಬಿಟ್ಟು ಹೊರಗೆ ಬಂದಾಗಲೂ ಗೌರಿ ಲಂಕೇಶ್, ಎಚ್.ಎಸ್. ದೊರೆಸ್ವಾಮಿ, ಎ.ಕೆ. ಸುಬ್ಬಯ್ಯ ಅವರಂಥವರು ನಡುವೆ ನಿಂತಿದ್ದರು. ಅದೇ ಗೌರಿಯನ್ನು ಬದುಕಿದ್ದಾಗ ಎಷ್ಟು ಜನ ನಕ್ಸಲ್ ಬೆಂಬಲಿಗಳು ಎಂದು ಕರೆದರು! 2018ರ ಸೆಪ್ಟೆಂಬರಿನಲ್ಲಿ, ಗೌರಿ ಹತ್ಯೆಯಾಗಿ ಒಂದು ವರ್ಷವಾದ ದಿನ, ಗಿರೀಶ್ ಕಾರ್ನಾಡರು ಮೂಗಿಗೆ ಆಮ್ಲಜನಕದ ನಳಿಗೆ ಹಾಕಿಕೊಂಡು, ಕೊರಳಿಗೆ "ಮೀ ಟೂ ಅರ್ಬನ್ ನಕ್ಸಲ್" ಎಂಬ ಫಲಕ ನೇತುಹಾಕಿಕೊಂಡು ಬಂದರು. ಅದಕ್ಕೂ ಅವರ ಮೇಲೆ ಪೊಲೀಸರಿಗೆ ದೂರು ಹೋಯಿತು. ಆಗ ಅವರಿಗೆ 80 ವರ್ಷ.

ಕಾಡಿನವರ ಜೊತೆ ಮಾತಾಡದೆ ಅವರನ್ನು ಹೊರಗೆ ತರುವುದು ಹೇಗೆ? ಮಾತಾಡಲು ಹೋದವರು ಅವರ ಜೊತೆ ಕೂತು ಚಾ ಕುಡಿದಿರುತ್ತಾರೆ, ಪತ್ರ ತಂದುಕೊಟ್ಟಿರುತ್ತಾರೆ. "ಯಾವುದೇ ರೀತಿಯಲ್ಲಿ ನೆರವು" ಎಂದು ಬರೆದಿಟ್ಟ ಕಡೆ ಅಂಥ ಕೆಲಸಕ್ಕೆ ಯಾರು ಮುಂದೆ ಬರುತ್ತಾರೆ ಎಂದು ಯೋಚಿಸಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಮಸೂದೆ ಪಾಸಾದ ವಾರ ಅಪ್ಪನಿಗೆ ಫೋನು ಮಾಡಿದೆ. ಅವರಿಗೀಗ 74. ಅಂಗಡಿ ತಮ್ಮನ ಕೈಯಲ್ಲಿದೆ. ಬಾಕಿಯೆಲ್ಲ ಮೊಬೈಲಿನಲ್ಲೇ ಬರೆದಿಡುತ್ತಾನೆ. ಹಳೆಯ ಕೆಂಪು ಪುಸ್ತಕ ಅಟ್ಟದಲ್ಲಿ ಉಂಟು, ಗೆದ್ದಲು ಹಿಡಿದಿಲ್ಲ ಎಂದರು. ನಾನು ಆ ಎರಡು ವರ್ಷದ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದೆ. ಅಂಗಡಿಯವರ ಬಗ್ಗೆ ಬೇರೆ ಏನಾದರೂ ಬರೆದಿದ್ದಾರಾ ಎಂದು ಕೇಳಿದರು. ಇಲ್ಲ ಅಪ್ಪ ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಹಿಂದಿನಿಂದ ಮಳೆಯ ಸದ್ದು ಕೇಳುತ್ತಿತ್ತು.

"ಪುಸ್ತಕ ತೆಗೊಂಡು ಹೋದರೆ ರಶೀದಿ ಕೊಡ್ತಾರಂತಾ?" ಎಂದು ಕೇಳಿದರು. "ನನಗೆ ಆವತ್ತು ಕೊಡಲಿಲ್ಲ ಮಗಾ. ನಾನೂ ಕೇಳಲಿಲ್ಲ."