ನಂದಿಯ ಕಲ್ಲು, ಚಿನ್ನದ ಗಣಿಯ ಉಕ್ಕು

ಕರ್ನಾಟಕದ ವಾಸ್ತುಶಿಲ್ಪದ ಮಾತು ಬಂದಾಗ ಬೇಲೂರು, ಹಂಪಿ, ಪಟ್ಟದಕಲ್ಲುಗಳನ್ನು ದಾಟಿ ನಮ್ಮ ಬಯಲುಸೀಮೆಯ ಕಡೆಗೆ ಕಣ್ಣು ಹಾಯಿಸುವವರು ಕಡಿಮೆ. ಚಿಕ್ಕಬಳ್ಳಾಪುರದವನಾದ ನನಗೆ ಮಾತ್ರ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯಕ್ಕಿಂತ ಪ್ರಿಯವಾದ ಕಟ್ಟಡ ಇನ್ನೊಂದಿಲ್ಲ.

ಅದು ಒಬ್ಬನೇ ಅರಸ ಕಟ್ಟಿಸಿದ್ದಲ್ಲ. ಒಂಬತ್ತನೆಯ ಶತಮಾನದ ಶಾಸನಗಳಿಂದ ತೊಡಗಿ ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರ ನಂತರ ಒಬ್ಬರು ಇದರ ಚರಿತ್ರೆಯೊಳಗೆ ಬಂದುಹೋದರೂ, ಹಿಂದಿನವರ ಕೆಲಸವನ್ನು ಕೆಡವಿ ತಮ್ಮ ಹೆಸರು ನಿಲ್ಲಿಸುವ ಆತುರ ಇಲ್ಲಿ ಕಾಣುವುದಿಲ್ಲ. ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರ ಎಂಬ ಎರಡು ಗುಡಿಗಳು, ತಮ್ಮ ತಮ್ಮ ವಿಮಾನ (ಗರ್ಭಗುಡಿಯ ಮೇಲಿನ ಶಿಖರ) ಮತ್ತು ನಂದಿಮಂಟಪಗಳೊಡನೆ ಅಕ್ಕಪಕ್ಕ ನಿಂತಿದ್ದವು. ಅವುಗಳ ನಡುವಿನ ಕಿರಿದಾದ ಜಾಗದಲ್ಲಿ ಉಮಾಮಹೇಶ್ವರನ ಗುಡಿಯನ್ನೂ ಕಲ್ಯಾಣಮಂಟಪವನ್ನೂ ಆಮೇಲೆ ಕೂರಿಸಿದವರು, ಎರಡರ ಅಂದವೂ ಕೆಡದಂತೆ ಮೂರನೆಯದನ್ನು ಹೊಂದಿಸಿದ್ದಾರೆ. ಹಳೆಯ ಗುಡಿಗಳ ಕಲ್ಲು ಗಟ್ಟಿಯಾದ ಗ್ರಾನೈಟ್. ಹೊಯ್ಸಳ ಶಿಲ್ಪಿಗಳ ಬಳಪದ ಕಲ್ಲಿನಂತೆ ಅದು ಉಳಿಗೆ ಸುಲಭವಾಗಿ ಬಗ್ಗದು. ಆದ್ದರಿಂದ ಇಲ್ಲಿನ ಚೆಲುವು ಬಹುಮಟ್ಟಿಗೆ ಅಳತೆಯಲ್ಲಿದೆ, ಕಲ್ಲಿನ ಜಾಲರಿ ಕಿಟಕಿಗಳಾದ ಜಾಲಂಧ್ರಗಳ ಮೂಲಕ ಒಳಬರುವ ಅರೆಬೆಳಕಿನಲ್ಲಿದೆ. ಕಲ್ಯಾಣಮಂಟಪದ ಕಪ್ಪುಕಲ್ಲಿನ ಕಂಬಗಳಿಗೆ ಬಂದಾಗ ಮಾತ್ರ ಶಿಲ್ಪಿಗಳು ಸಂಯಮವನ್ನೆಲ್ಲ ಬದಿಗಿಟ್ಟಂತೆ ಬಳ್ಳಿ, ಹಕ್ಕಿ, ದೇವದಂಪತಿಗಳನ್ನು ಬಿಡುವಿಲ್ಲದೆ ಕೆತ್ತಿದ್ದಾರೆ. ಆವರಣದ ಕಲ್ಯಾಣಿಯಾದ ಶೃಂಗಿತೀರ್ಥದ ಮೆಟ್ಟಿಲುಗಳು ಎಷ್ಟು ಕರಾರುವಾಕ್ಕಾಗಿವೆಯೆಂದರೆ, ನೀರಿಲ್ಲದ ಬೇಸಗೆಯಲ್ಲೂ ಅದನ್ನು ಒಂದು ಕಟ್ಟಡವೆಂದೇ ನೋಡಬಹುದು.

ಆವಣಿಯ ರಾಮಲಿಂಗೇಶ್ವರ ಗುಡಿಗಳ ಸಮೂಹ, ಕೋಲಾರದ ಸೋಮೇಶ್ವರ, ಇವೂ ನೋಡಲೇಬೇಕಾದವು. ಅವುಗಳ ಬಗ್ಗೆ ಇನ್ನೊಮ್ಮೆ ವಿವರವಾಗಿ ಬರೆಯುತ್ತೇನೆ.

ಆಧುನಿಕ ಕಾಲದಿಂದ ಒಂದನ್ನು ಆರಿಸೆಂದರೆ ಹಲವರು ಕಮ್ಮಸಂದ್ರದ 108 ಅಡಿಯ ಲಿಂಗವನ್ನೋ ಚಿಕ್ಕಬಳ್ಳಾಪುರದ ಬಳಿಯ 112 ಅಡಿಯ ಆದಿಯೋಗಿಯನ್ನೋ ಹೆಸರಿಸುತ್ತಾರೆ. ಭಕ್ತಿಯ ವಿಷಯ ಬೇರೆ. ಎತ್ತರವೊಂದನ್ನೇ ವಾಸ್ತುಶಿಲ್ಪವೆಂದು ಒಪ್ಪಲು ನನಗೆ ಮನಸ್ಸಿಲ್ಲ. ನನ್ನ ಆಯ್ಕೆ ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿಗಳ ಊರು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯ ಕೈಯಲ್ಲಿ ಬೆಳೆಯತೊಡಗಿ, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಪಡೆದು, 2001ರಲ್ಲಿ ಗಣಿಗಾರಿಕೆ ನಿಂತುಹೋದ ಈ ಊರಿನಲ್ಲಿ, ಗಣಿಗಿಳಿಯುವ ಬಾವಿಗಳಾದ ಶಾಫ್ಟ್‌ಗಳ ಮೇಲಿನ ಉಕ್ಕಿನ ಗೋಪುರಗಳಷ್ಟು ಪ್ರಾಮಾಣಿಕವಾದ ಕಟ್ಟಡ ಇನ್ನೊಂದಿಲ್ಲ. ತುದಿಯಲ್ಲಿ ದೊಡ್ಡ ಗಾಲಿ, ಅದರ ಮೇಲೆ ಹಾಯುತ್ತಿದ್ದ ಉಕ್ಕಿನ ಹಗ್ಗ, ಹಗ್ಗದ ಕೊನೆಗೆ ಕಾರ್ಮಿಕರನ್ನು ಪಾತಾಳಕ್ಕಿಳಿಸುತ್ತಿದ್ದ ಕೇಜ್: ಕೆಲಸಕ್ಕೆ ಬೇಕಿಲ್ಲದ ಒಂದು ತೊಲೆಯೂ ಅದರಲ್ಲಿಲ್ಲ. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಮಿಗಿಲು.

ಕೆಜಿಎಫ್ ನೋಡಲು ಬರುವವರು ಸಾಹೇಬರ ಬಂಗಲೆಗಳನ್ನೂ ಕ್ಲಬ್ಬನ್ನೂ ಮೆಚ್ಚಿ ‘ಪುಟ್ಟ ಇಂಗ್ಲೆಂಡ್’ ಎನ್ನುತ್ತಾರೆ. ಆ ಅಗಲವಾದ ವರಾಂಡಗಳು ಚೆನ್ನಾಗಿಯೇ ಇವೆ. ಆದರೆ ಚಿನ್ನವನ್ನು ಮೇಲೆ ತಂದವರು ಬದುಕಿದ್ದು ಒಂದಕ್ಕೊಂದು ಅಂಟಿಕೊಂಡ ‘ಲೈನ್’ ಮನೆಗಳ ಸಾಲುಗಳಲ್ಲಿ; ಬಂಗಲೆಗಳನ್ನು ಪಾರಂಪರಿಕ ಕಟ್ಟಡಗಳೆಂದು ಉಳಿಸುವುದಾದರೆ, ಅಂಥ ಒಂದು ಸಾಲನ್ನಾದರೂ ಅವುಗಳೊಡನೆ ಉಳಿಸಬೇಕು.