ದೋಣಿ ಕೇಳಿ ಟೈಮ್ ಹಾಕಿ ಮಾರಾಯ್ರೇ: ನಮ್ಮ ಕುದುರಿನ ಆಗಸ್ಟ್ ಸುದ್ದಿ

ಮೊದಲು ದೋಣಿಯ ವಿಷಯ ಹೇಳಿಬಿಡುತ್ತೇನೆ. ಆಗಸ್ಟ್ 1ರಿಂದ ನಮ್ಮ ಕಡವಿನ ಕೊನೆಯ ದೋಣಿ ರಾತ್ರಿ ಎಂಟಕ್ಕಲ್ಲ, ಏಳೂವರೆಗೆ. ಮಳೆ ಕಡಿಮೆಯಾಗುವವರೆಗೂ ಹೀಗೆಯೇ. ಹೊಳೆಯಲ್ಲಿ ಸೆಳೆತ ಜಾಸ್ತಿ ಇದೆ, ಮೇಲಿನಿಂದ ಮರದ ದಿಮ್ಮಿಗಳು ತೇಲಿ ಬರುತ್ತಿವೆ, ಕತ್ತಲೆಯಲ್ಲಿ ಅವು ಕಾಣುವುದಿಲ್ಲ. "ಅರ್ಧ ಗಂಟೆಯಲ್ಲಿ ಏನಾಗ್ತದೆ ಕಾಕಾ?" ಅಂತ ಪೇಟೆಯ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುವ ಹುಡುಗಿಯರು ಕೇಳಿದರು. "ನಿಮಗೆ ಏನೂ ಆಗುವುದಿಲ್ಲ, ದಿಮ್ಮಿ ತಾಗಿದರೆ ನನ್ನ ದೋಣಿಗೆ ಆಗ್ತದೆ" ಅಂದರು ದೋಣಿಯ ಕಾಕ. ಅಲ್ಲಿಗೆ ಚರ್ಚೆ ಮುಗಿಯಿತು. ಹುಡುಗಿಯರನ್ನು ಏಳಕ್ಕೆ ಬಿಡಲು ಅಂಗಡಿಯವರು ಒಪ್ಪಿದ್ದಾರಂತೆ, ಸಂಬಳ ಕಡಿತ ಇಲ್ಲ ಅಂತಲೂ ಹೇಳಿದ್ದಾರಂತೆ. ನೋಡೋಣ.

ಹೊಸದಾಗಿ ಓದುವವರಿಗೆ ಒಂದು ಮಾತು. ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆ ಕಡೆಯ ಹೊಳೆಯ ನಡುವೆ ಇರುವ ಸಣ್ಣ ಕುದುರು, ಅಂದರೆ ದ್ವೀಪ, ನಮ್ಮದು. ಒಂದು ಭಜನಾ ಮಂದಿರ, ಒಂದು ಮದ್ರಸ, ಒಂದು ಅಂಗನವಾಡಿ, ಒಂದು ಗೂಡಂಗಡಿ ಬಿಟ್ಟರೆ ಉಳಿದದ್ದೆಲ್ಲ ತೆಂಗು. ಶಾಲೆ, ರೇಷನ್, ಬ್ಯಾಂಕು, ಆಸ್ಪತ್ರೆ ಎಲ್ಲ ಆಚೆ ದಡದಲ್ಲಿ. ಪಂಚಾಯತಿನಿಂದ ಬರುವ ಚೀಟಿಗಳು ಹೆಚ್ಚಾಗಿ ಮಲಯಾಳದಲ್ಲೇ ಇರುತ್ತವೆ. ನಮ್ಮ ಅಜ್ಜಿಯಂದಿರಿಗೆ ಅದನ್ನು ಓದಲಿಕ್ಕೆ ಬರುವುದಿಲ್ಲ. ಗಲ್ಫಿನಲ್ಲಿ ಇರುವವರು, ಮಂಗಳೂರು ಕಡೆಗೆ ಮದುವೆಯಾಗಿ ಹೋದವರು ಬೇರೆ "ಊರಲ್ಲಿ ಎಂಥ ವಿಶೇಷ?" ಅಂತ ಕೇಳುತ್ತಲೇ ಇರುತ್ತಾರೆ. ಹಾಗಾಗಿ ಎಲ್ಲ ಒಟ್ಟಿಗೆ ಇಲ್ಲಿ ಬರೆಯುವುದು.

ಈ ಸಲದ ನನ್ನ ತಕರಾರು ಒಂದೇ. ಆಗಸ್ಟಿನಿಂದ ಚೌತಿಯವರೆಗೆ ಸಾಲು ಸಾಲು ಕಾರ್ಯಕ್ರಮ ಇದೆ, ಒಳ್ಳೆಯದೇ. ಆದರೆ ಟೈಮ್ ಹಾಕುವವರು ಯಾರೂ ದೋಣಿಯವರನ್ನು ಕೇಳುವುದಿಲ್ಲ. ಗಡಿಯಾರ ನೋಡಿ ಹಾಕುತ್ತಾರೆ. ನಮ್ಮಲ್ಲಿ ಗಡಿಯಾರದ ಜೊತೆ ಹೊಳೆಯನ್ನೂ ನೋಡಬೇಕು ಅಲ್ವಾ? ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತಾ ಇರುತ್ತದೆ. ಈ ಭಾನುವಾರ ದೋಣಿ ಮೆಟ್ಟಿಲಿಗೇ ಬಂದು ನಿಂತ ಹೊತ್ತಿಗೆ, ಮುಂದಿನ ಭಾನುವಾರ ಮೆಟ್ಟಿಲಿನ ಕೆಳಗೆ ಬರೀ ಕೆಸರು ಇರಬಹುದು. ಆಗ ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಮೇಲೆತ್ತಿ, ಮೊಣಕಾಲವರೆಗೆ ಹೂತುಕೊಂಡು ಹೋಗಿ ದೋಣಿ ಹತ್ತಬೇಕು. ಅಮಾವಾಸ್ಯೆ, ಹುಣ್ಣಿಮೆಯ ಹತ್ತಿರ ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಇದೆಲ್ಲ ಇಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತು. ಆಮಂತ್ರಣ ಪತ್ರ ಅಚ್ಚು ಹಾಕಿಸುವಾಗ ಮಾತ್ರ ಮರೆತುಹೋಗುತ್ತದೆ.

ವಾರ್ಡಿನ ಗ್ರಾಮಸಭೆಯನ್ನೇ ನೋಡಿ. ಆಗಸ್ಟ್ 9, ಭಾನುವಾರ, ಮಧ್ಯಾಹ್ನ 3 ಗಂಟೆ, ಆಚೆ ದಡದ ಶಾಲೆಯಲ್ಲಿ. ಭಾನುವಾರ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ದೋಣಿ ಇಲ್ಲ ಅನ್ನುವುದು ಇಡೀ ವಾರ್ಡಿಗೆ ಗೊತ್ತಿರುವ ವಿಷಯ. ಕಾಕನಿಗೂ ಊಟ, ನಿದ್ದೆ ಬೇಡವೇ? ಪ್ರತಿ ಸಲವೂ ಹೀಗೇ ಆಗುತ್ತದೆ. ನಮ್ಮಿಂದ ಹೋಗುವವರು ನಾಲ್ಕೈದು ಜನ, ಅವರು ಮುಟ್ಟುವಾಗ ಅಲ್ಲಿ ಚಹಾ ಕೊಡುತ್ತಾ ಇರುತ್ತಾರೆ. ಕೇರಳದ ಕಾನೂನಿನಲ್ಲಿ ಗ್ರಾಮಸಭೆ ಅಂದರೆ ವಾರ್ಡಿನ ಮತದಾರರೆಲ್ಲ ಸೇರುವ ಸಭೆ. ಮೂರು ತಿಂಗಳಿಗೊಮ್ಮೆಯಾದರೂ ಕರೆಯಬೇಕು, ಮತದಾರರಲ್ಲಿ ಶೇಕಡಾ 10 ಜನ ಬಂದರೆ ಕೋರಂ ಆಯಿತು. ಆ ಹತ್ತು ಶೇಕಡಾ ಆಚೆ ದಡದವರಿಂದಲೇ ತುಂಬುತ್ತದೆ. ಹಾಗಾಗಿ ಯೋಜನೆಯ ಪಟ್ಟಿಯಲ್ಲಿ ಅವರ ರಸ್ತೆ ಬರುತ್ತದೆ, ನಮ್ಮ ಕಡವು ಬರುವುದಿಲ್ಲ. ಯಾರ ಮೇಲೂ ಸಿಟ್ಟಿಲ್ಲ. ಬಂದು ಕೂತವರು ಕೇಳಿದ್ದು ಬರೆದುಕೊಳ್ಳುತ್ತಾರೆ, ಅಷ್ಟೇ.

ಈ ಸಲ ಕುಟುಂಬಶ್ರೀ ಮಹಿಳಾ ಸಂಘದ ಅಕ್ಕಂದಿರು ಸೇರಿ ಕಾಕನ ಹತ್ತಿರ ಮಾತಾಡಿದ್ದಾರೆ. ಆ ದಿನ 2.15ಕ್ಕೆ ಒಂದು ಸ್ಪೆಷಲ್ ದೋಣಿ ಬಿಡುತ್ತಾರೆ, ವಾಪಸ್ ಆರಕ್ಕೆ. ಆಧಾರ್ ಗೀಧಾರ್ ಏನೂ ಬೇಡ, ಸುಮ್ನೆ ಬನ್ನಿ. ರಿಜಿಸ್ಟರಿನಲ್ಲಿ ಸಹಿ ಹಾಕಿದರೆ ಸಾಕು.

ಏನು ಕೇಳಬೇಕು ಅನ್ನುವುದರಲ್ಲಿ ನಮ್ಮೊಳಗೇ ಒಂದು ಮಾತಿಲ್ಲ. ಹುಡುಗರಿಗೆ ತೂಗುಸೇತುವೆಯೇ ಬೇಕು. ಸುಳ್ಯದ ಗಿರೀಶ್ ಭಾರದ್ವಾಜ್ ಅವರ ಹೆಸರು ಇಲ್ಲಿ ಎಲ್ಲರ ಬಾಯಲ್ಲೂ ಇದೆ. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಅವರು ಹಾಕಿದ್ದು ಮೊದಲನೆಯದು, ಆಮೇಲೆ ನೂರಕ್ಕೂ ಮಿಕ್ಕಿ ಹಾಕಿದರು, 2017ರಲ್ಲಿ ಪದ್ಮಶ್ರೀ ಬಂತು. ಅದೇ ಪಯಸ್ವಿನಿ ಕೆಳಗೆ ಬಂದು ಚಂದ್ರಗಿರಿ ಹೊಳೆಯಾಗಿ ನಮ್ಮ ಕಾಸರಗೋಡಿನಲ್ಲಿ ಸಮುದ್ರ ಸೇರುವುದು. "ಅಲ್ಲಿಗೆ ಆಗ್ತದೆ, ನಮಗೆ ಯಾಕೆ ಆಗುವುದಿಲ್ಲ?" ಅಂತ ಹುಡುಗರು ಕೇಳುತ್ತಾರೆ. ಹಿರಿಯರು ಅದಕ್ಕೆ ವಲಿಯಪರಂಬದ ಕತೆ ತೆಗೆಯುತ್ತಾರೆ. ಅದೂ ನಮ್ಮದೇ ಜಿಲ್ಲೆಯ ದ್ವೀಪ, ತೆಂಕು ಕೊನೆಯಲ್ಲಿ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕವ್ವಾಯಿ ಹಿನ್ನೀರು. 2013ರಲ್ಲಿ ಅಲ್ಲಿ ಉದ್ಘಾಟನೆಯಾದ ತೂಗುಸೇತುವೆ ಎರಡು ತಿಂಗಳು ತುಂಬುವ ಮೊದಲೇ ಮುರಿದು ಬಿತ್ತು. ಎರಡೂ ಕಡೆಯ ವಾದ ಸರಿ. ಆದರೆ ನನಗೆ ಅನ್ನಿಸುವುದು, ಸಂಕ ಬರುವುದಾದರೆ ಬರಲಿ, ಅದಕ್ಕೆ ಕಾಯುತ್ತಾ ಕೂತರೆ ಮೊಮ್ಮಕ್ಕಳ ಕಾಲ ಆಗುತ್ತದೆ. ಈ ವರ್ಷಕ್ಕೆ ಎರಡು ದಡದಲ್ಲೂ ಇಳಿತದ ನೀರಿಗೆ ಮುಟ್ಟುವಷ್ಟು ಕೆಳಗಿನವರೆಗೆ ಮೆಟ್ಟಿಲು, ಒಂದೊಂದು ಸೋಲಾರ್ ದೀಪ, ದೋಣಿಯಲ್ಲಿ ಎಲ್ಲರಿಗೂ ಲೈಫ್ ಜಾಕೆಟ್. ಇಷ್ಟು ಕೇಳೋಣ. ಇದಕ್ಕೆ ಸಚಿವರ ಹತ್ತಿರ ಹೋಗುವುದು ಬೇಡ, ವಾರ್ಡಿನ ದುಡ್ಡಿನಲ್ಲೇ ಆಗುತ್ತದೆ.

ಇನ್ನು ಆಟಿ ಅಮಾವಾಸ್ಯೆ, ಆಗಸ್ಟ್ 12ರ ಬುಧವಾರ. ಎರಡು ಗುಂಪಿಗೆ ಎರಡು ಕೆಲಸ ಆ ದಿನ. ಕರ್ಕಟಕ ವಾವಿನ (ಮಲಯಾಳದಲ್ಲಿ ಇದೇ ಅಮಾವಾಸ್ಯೆಯ ಹೆಸರು) ಬಲಿತರ್ಪಣಕ್ಕೆ ತೃಕ್ಕಣ್ಣಾಡು ದೇವಸ್ಥಾನಕ್ಕೆ ಹೋಗುವವರು ಮುಂಚಿತವಾಗಿ ಕಾಕನಿಗೆ ಹೆಸರು ಕೊಡಬೇಕು, ದೋಣಿ ಬೆಳಗ್ಗಿನ ಜಾವ ನಾಲ್ಕೂವರೆಗೆ ಹೊರಡುತ್ತದೆ. ಆಚೆ ದಡದಲ್ಲಿ ಜೀಪು ಬಂದು ನಿಂತಿರುತ್ತದೆ. ಅಲ್ಲಿ ಜನವೋ ಜನ, ತಡವಾದರೆ ಮಧ್ಯಾಹ್ನದವರೆಗೂ ಕ್ಯೂ.

ಮನೆಯಲ್ಲಿ ಇರುವವರಿಗೆ ಹಾಲೆ ಮರದ ತೊಗಟೆಯ ಕಷಾಯ. ಇಲ್ಲಿ ಸ್ವಲ್ಪ ಗಂಭೀರವಾಗಿ ಹೇಳಬೇಕಾದದ್ದು ಇದೆ. ಬೆಳಕು ಹರಿಯುವ ಮೊದಲು ಹೋಗಿ, ಕತ್ತಿ ತಾಗಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯಬೇಕು ಅನ್ನುವುದು ಕ್ರಮ. ಕ್ರಮ ಇರಲಿ. ಆದರೆ ಕತ್ತಲೆಯಲ್ಲಿ ಮರ ತಪ್ಪಿದರೆ ಕತೆ ಮುಗಿಯಿತು. ಕಾಸರಕದ ಮರ ನಮ್ಮ ಕಡೆ ಬೇಕಾದಷ್ಟು ಇದೆ, ಕಾಸರಗೋಡಿನ ಹೆಸರೇ ಅದರಿಂದ ಬಂತು ಅನ್ನುವವರಿದ್ದಾರೆ. ಅದರ ಬೀಜವೂ ವಿಷ, ತೊಗಟೆಯೂ ವಿಷ. ಹಾಲೆ ಅಂದುಕೊಂಡು ಬೇರೆ ಮರದ ತೊಗಟೆ ಕುಡಿದು ಆಸ್ಪತ್ರೆ ಸೇರಿದವರ ಸುದ್ದಿ ತುಳುನಾಡಿನಲ್ಲಿ ಕೇಳುತ್ತಲೇ ಇರುತ್ತೇವೆ. ಮಂಗಳವಾರ ಹಗಲೇ ಹೋಗಿ ಮರ ನೋಡಿ ಇಡಿ. ಹಾಲೆಯ ಎಲೆಗಳು ಒಂದೇ ಗಂಟಿನಿಂದ ಸುತ್ತಲೂ ಬಿಡಿಸಿದ ಕೊಡೆಯ ಕಡ್ಡಿಗಳ ಹಾಗೆ ಇರುತ್ತವೆ, ಹೆಚ್ಚಾಗಿ ಏಳು, ಒಮ್ಮೊಮ್ಮೆ ಐದಾರು. ಗೀರಿದರೆ ಬಿಳಿ ಹಾಲು ಬರುತ್ತದೆ. ಹಾಲು ಒಂದನ್ನೇ ನಂಬಬೇಡಿ, ಹಾಲು ಬರುವ ಮರ ಇನ್ನೂ ಸುಮಾರು ಇವೆ. ಎಲೆ ನೋಡಿ, ಗೊತ್ತಿರುವವರನ್ನು ಕೇಳಿ, ಮರಕ್ಕೆ ಒಂದು ಬಟ್ಟೆ ಕಟ್ಟಿ ಬನ್ನಿ.

ಇನ್ನೊಂದು. ಕುದುರಿನಲ್ಲಿ ಹಾಲೆ ಮರ ಇರುವುದೇ ಎರಡು. ಮಂದಿರದ ಹಿಂದಿನದ್ದನ್ನು ಹೋಗಿ ನೋಡಿ, ಕೈಗೆ ಎಟಕುವಲ್ಲಿಯವರೆಗೆ ಗಾಯ. ಸುತ್ತಲೂ ತೊಗಟೆ ಹೋದರೆ ಮರ ಸಾಯುತ್ತದೆ, ಮತ್ತೆ ಮುಂದಿನ ಆಟಿಗೆ ಏನು ಕುಡಿಯುವುದು? ಈ ಸಲ ಮಂದಿರದ ವತಿಯಿಂದ ಒಬ್ಬರೇ ತೆಗೆದು, ದೊಡ್ಡ ಪಾತ್ರೆಯಲ್ಲಿ ಒಟ್ಟಿಗೆ ಕಷಾಯ ಮಾಡುತ್ತಾರೆ. ಕರಿಮೆಣಸು, ಬೆಳ್ಳುಳ್ಳಿ, ಓಮ ಹಾಕಿ, ಕೆಂಡದಲ್ಲಿ ಕಾಯಿಸಿದ ಬಿಳಿ ಬೆಣಚುಕಲ್ಲನ್ನು ಅದಕ್ಕೆ ಇಳಿಸಿದಾಗ ಚೊಂಯ್ ಅನ್ನುತ್ತದಲ್ಲ, ಆ ಶಬ್ದಕ್ಕೇ ಮಕ್ಕಳು ಎದ್ದು ಬರುತ್ತಾರೆ. ಕುಡಿಯುವಾಗ ಮಾತ್ರ ಒಬ್ಬರೂ ಕಾಣುವುದಿಲ್ಲ. ಆರರಿಂದ ಏಳೂವರೆಯವರೆಗೆ ಕೊಡುತ್ತಾರೆ, ಲೋಟ ನೀವೇ ತನ್ನಿ. ಆಮೇಲೆ ಮೆಂತೆ ಗಂಜಿ ಇದೆ.

ಆ ದಿನ ಸೂರ್ಯಗ್ರಹಣ ಬೇರೆ ಇದೆ, ಕಷಾಯ ಕುಡಿಯಬಹುದಾ ಅಂತ ಈಗಾಗಲೇ ಸುಮಾರು ಜನ ಕೇಳಿದ್ದಾರೆ. ಗ್ರಹಣ ಇರುವುದು ಹೌದು, ಆದರೆ ಅದು ಕಾಣುವುದು ಸ್ಪೇನ್, ಐಸ್‌ಲ್ಯಾಂಡ್ ಕಡೆಯವರಿಗೆ. ನಮಗೆ ಆಗ ರಾತ್ರಿ. ಸ್ಪೇನಿನವರು ಬೇಕಾದರೆ ಕಷಾಯ ಬಿಡಲಿ.

ತಾಳಮದ್ದಳೆ ಆಗಸ್ಟ್ 15ರ ಶನಿವಾರ. ಬೆಳಗ್ಗೆ ಅಂಗನವಾಡಿಯಲ್ಲಿ ಧ್ವಜಾರೋಹಣ, ಪಾಯಸ. ಮಧ್ಯಾಹ್ನ ಎರಡರಿಂದ ಮಂದಿರದಲ್ಲಿ ತಾಳಮದ್ದಳೆ. ಮೊದಲು ರಾತ್ರಿ ಎಂಟಕ್ಕೆ ಅಂತ ಇಟ್ಟಿದ್ದರು! ಭಾಗವತರು, ಅರ್ಥಧಾರಿಗಳು ಎಲ್ಲ ಆಚೆ ದಡದವರು, ಏಳೂವರೆಗೆ ಕೊನೆಯ ದೋಣಿ. ಹಾಗಾದರೆ ಬೆಳಗಿನವರೆಗೆ ಅರ್ಥ ಹೇಳಿಸುವ ಯೋಚನೆಯೋ ಏನೋ. ಹೇಳಿ ಹೇಳಿ ಕೊನೆಗೂ ಹಗಲಿಗೆ ತಂದರು. ಕಳೆದ ಸಲ ಚೆಂಡೆ, ಮದ್ದಳೆಯನ್ನು ದೋಣಿಯಲ್ಲಿ ತಂದದ್ದು ನೋಡಬೇಕಿತ್ತು ನೀವು. ಮೇಲೆ ಟಾರ್ಪಾಲು, ಅದರ ಒಳಗೆ ಒಂದು ಹಳೆ ಕಂಬಳಿ, ಅದರ ಒಳಗೆ ಚೆಂಡೆ. ಮದ್ದಳೆಗಾರರು ಮಾತ್ರ ಮಳೆಗೆ ಚಂಡಿ. "ನಾನು ಒಣಗ್ತೇನೆ, ಅದು ತಣಿದರೆ ಸ್ವರ ಬೀಳ್ತದೆ" ಅಂದರು. ಪ್ರಸಂಗ ಇನ್ನೂ ತೀರ್ಮಾನವಾಗಿಲ್ಲ. ಕೃಷ್ಣನ ಅರ್ಥಕ್ಕೆ ಇಬ್ಬರು ಆಸೆಪಟ್ಟಿದ್ದಾರೆ, ಇಬ್ಬರೂ ಬೇಜಾರಾದರೆ ಊಟಕ್ಕೂ ನಿಲ್ಲುವವರಲ್ಲ. ಹಾಗಾಗಿ ಕೃಷ್ಣನೇ ಇಲ್ಲದ ಪ್ರಸಂಗ ಹುಡುಕುತ್ತಿದ್ದಾರಂತೆ.

ಆಗಸ್ಟ್ 17ರ ಸೋಮವಾರ ಚಿಂಗಂ 1, ಮಲಯಾಳ ವರ್ಷದ ಮೊದಲ ದಿನ, ಅವತ್ತೇ ನಾಗರ ಪಂಚಮಿ. ನಾಗನಿಗೆ ಹಾಲು, ಬೊಂಡ ತರುವವರು ಬೆಳಗ್ಗಿನ ದೋಣಿಯಲ್ಲಿ ಒಟ್ಟಿಗೆ ತರಿಸಿಕೊಳ್ಳಿ. ಎಲ್ಲರೂ ಒಂದೊಂದು ಲೀಟರ್ ಹಾಲಿಗೆ ಒಂದೊಂದು ಸಲ ಆಚೆ ಹೋಗಿ ಬರುವುದು ಬೇಡ.

ತಿರುವೋಣಂ, ಅಂದರೆ ಓಣಂನ ಮುಖ್ಯ ದಿನ, ಆಗಸ್ಟ್ 26ರ ಬುಧವಾರ. ಮಿಲಾದ್ ಕೂಡ ಅದೇ ವಾರ, ದಿನ ಚಂದ್ರ ಕಂಡ ಮೇಲೆ ಗೊತ್ತಾಗುತ್ತದೆ. ಅಂಗನವಾಡಿ ಟೀಚರ್ ಪೂಕ್ಕಳಕ್ಕೆ (ಓಣಂನ ಹೂವಿನ ರಂಗೋಲಿ) ಹೂವು ಬೇಕು ಅಂದಿದ್ದಾರೆ, ಪೇಟೆಯಿಂದ ತರುವುದು ಬೇಡ, ಇಲ್ಲಿಯ ದಾಸವಾಳ, ತುಂಬೆ, ಕೇಪಳವೇ ಸಾಕು. ಮದ್ರಸದ ಮಕ್ಕಳು ದಫ್ ಅಭ್ಯಾಸ ಶುರು ಮಾಡಿ ಆಯಿತು, ಸಂಜೆ ಐದಕ್ಕೆ ಇಡೀ ಕುದುರಿಗೆ ಕೇಳುತ್ತದೆ. ಮಿಲಾದ್ ಮೆರವಣಿಗೆಯ ಮಕ್ಕಳನ್ನು ಆಚೆ ಬಿಡಲು ಒಂದು ದೋಣಿ ಸಾಲುವುದಿಲ್ಲ, ಮೀನಿಗೆ ಹೋಗುವವರ ದೋಣಿಯೂ ಬೇಕಾಗುತ್ತದೆ. ಓಣಂ ಊಟದ ಕುಟುಂಬಶ್ರೀ ಪಾತ್ರೆಗಳೂ ಅದೇ ದಿನ ದಾಟುವುದಿದ್ದರೆ ಕಷ್ಟ. ಎರಡೂ ಕಡೆಯವರು ಕೂತು ಒಮ್ಮೆ ಮಾತಾಡಿದರೆ ಹತ್ತು ನಿಮಿಷದ ಕೆಲಸ.

ಅಷ್ಟಮಿ ಸೆಪ್ಟೆಂಬರ್ 4, ಶುಕ್ರವಾರ. ಮೊಸರು ಕುಡಿಕೆ ಪ್ರತಿ ವರ್ಷದ ಹಾಗೆ. ಚೌತಿ ಸೆಪ್ಟೆಂಬರ್ 14, ಸೋಮವಾರ. ನಮ್ಮ ಜಿಲ್ಲೆಗೆ ಚೌತಿಗೆ ಸಾಮಾನ್ಯವಾಗಿ ಸ್ಥಳೀಯ ರಜೆ ಸಿಗುತ್ತದೆ. ಗಣಪತಿಯ ಬಗ್ಗೆ ಆಮೇಲೆ ಬೇರೆಯೇ ಬರೆಯುತ್ತೇನೆ, ಅದರ ಲೆಕ್ಕಪತ್ರದ ಜಗಳ ಇನ್ನೂ ಮುಗಿದಿಲ್ಲ.

ಚಿಲ್ಲರೆ ಸುದ್ದಿಗಳು. ಜೂನ್ 9ರ ನಡುರಾತ್ರಿಯಿಂದ ಇದ್ದ 52 ದಿನದ ಟ್ರಾಲಿಂಗ್ ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆ. ಬಂಗುಡೆಯ ರೇಟು ಕೇಳಿ ವಾಪಸ್ ಬಂದವರು ಇನ್ನೊಂದು ವಾರ ತಡೆದುಕೊಳ್ಳಿ, ಅಲ್ಲಿಯವರೆಗೆ ಉಪ್ಪುಸೊಳೆ, ಹಲಸಿನ ಬೀಜ ಇದೆಯಲ್ಲ. ಹರಿತ ಕರ್ಮ ಸೇನೆಯ ಅಕ್ಕಂದಿರು ತಿಂಗಳ ಎರಡನೇ ಶನಿವಾರ ಬರುತ್ತಾರೆ. ಪ್ಲಾಸ್ಟಿಕ್ ತೊಳೆದು ಒಣಗಿಸಿ ಕೊಡಿ, 50 ರೂಪಾಯಿ ಚಿಲ್ಲರೆ ಮಾಡಿಡಿ. ಹಾಲಿನ ತೊಟ್ಟೆಯನ್ನು ಹಾಗೇ ಕೊಟ್ಟರೆ ದೋಣಿಯಲ್ಲಿ ಅದರ ವಾಸನೆ ಕುಡಿಯುವವರು ನಾವೇ. ಆಶಾ ಕಾರ್ಯಕರ್ತೆ ಇಲಿಜ್ವರದ ಮಾತ್ರೆ ತರುತ್ತಾರೆ. ತೋಡು, ಗದ್ದೆಯ ಕೆಸರಿಗೆ ಇಳಿಯುವವರು ಅವರು ಹೇಳಿದ ಹಾಗೆ ವಾರಕ್ಕೊಮ್ಮೆ ತೆಗೆದುಕೊಳ್ಳಿ, ಖಾಲಿ ಹೊಟ್ಟೆಗೆ ಬೇಡ. ಕಾಲಿನಲ್ಲಿ ಗಾಯ ಇದ್ದರೆ ಕೆಸರಿಗೆ ಇಳಿಯಲೇ ಬೇಡಿ. ರೆಡ್ ಅಲರ್ಟ್ ಇದ್ದ ದಿನ, ಅಂದರೆ 24 ಗಂಟೆಯಲ್ಲಿ 204 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬರಬಹುದು ಅಂತ ಹೇಳಿದ ದಿನ, ದೋಣಿಯೇ ಇಲ್ಲ. ಆ ದಿನ ಕಾಕನಿಗೆ ಫೋನ್ ಮಾಡಿ "ಒಂದೇ ಒಂದು ಸಲ" ಅಂತ ಗೋಗರೆಯಬೇಡಿ.

ಕೊನೆಗೆ, ದೋಣಿಯಲ್ಲಿ ಎರಡು ಕೊಡೆ, ಒಂದು ಸ್ಟೀಲ್ ಬುತ್ತಿ ಸಿಕ್ಕಿದೆ. ಕೊಡೆ ಎರಡೂ ಕಪ್ಪು, ಗುರುತು ಹೇಳಿ ತೆಗೆದುಕೊಂಡು ಹೋಗಿ. ಬುತ್ತಿ ತೊಳೆದು ಗೂಡಂಗಡಿಯಲ್ಲಿ ಇಟ್ಟಿದ್ದಾರೆ. ಅದರಲ್ಲಿದ್ದ ಪತ್ರೊಡೆ ಚೆನ್ನಾಗಿತ್ತಂತೆ, ಹುಳಿ ಸ್ವಲ್ಪ ಕಡಿಮೆ ಅಂತ ಕಾಕ ಹೇಳಿದರು.