ಬೋರ್ಡಿನಲ್ಲಿ ಯಾರ ಹೆಸರು?

ಸುಸ್ಥಿರ ಪ್ರವಾಸೋದ್ಯಮದ, ಅಂದರೆ ಪರಿಸರಕ್ಕೂ ಊರಿಗೂ ಹಾನಿಯಾಗದಂತೆ ನಡೆಸುವ ಪ್ರವಾಸೋದ್ಯಮದ, ಸಭೆಯೊಂದರ ಫೋಟೊ ಕಣ್ಣಿಗೆ ಬಿತ್ತು. ವೇದಿಕೆಯ ತುಂಬ ಗಂಡಸರು. ಹೂಗುಚ್ಛ ಹಿಡಿದು ಪಕ್ಕದಲ್ಲಿ ನಿಂತವರು ಹೆಂಗಸರು. ಮೊದಲು ನಗು ಬಂತು, ಆಮೇಲೆ ಸಿಟ್ಟು.

ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಈ ಉದ್ಯಮದಲ್ಲಿ ದುಡಿಯುವವರ ಪೈಕಿ ಶೇ 54ರಷ್ಟು ಮಂದಿ ಮಹಿಳೆಯರು. ಸಂಬಳ ಮಾತ್ರ ಗಂಡಸರಿಗಿಂತ ಶೇ 14.7ರಷ್ಟು ಕಡಿಮೆ. ಪ್ರವಾಸೋದ್ಯಮ ಸಚಿವರಲ್ಲಿ ಮಹಿಳೆಯರ ಪಾಲು ಆಗ ಬರೀ ಶೇ 23 ಇತ್ತು.

ಹೋಮ್‌ಸ್ಟೇಯನ್ನೇ ತೆಗೆದುಕೊಳ್ಳಿ. ಅತಿಥಿ ಒಂದೇ ರಾತ್ರಿ ಬಳಸಿದ ಟವೆಲನ್ನು ಒಗೆಯಬೇಕೇ ಬೇಡವೇ, ಕೋಣೆಯಲ್ಲಿ ಪ್ಲಾಸ್ಟಿಕ್ ಬಾಟಲಿ ಇಡಬೇಕೋ ನೀರಿನ ಹೂಜಿ ಇಡಬೇಕೋ, ಮಿಕ್ಕ ಅಡುಗೆ ಕಸಕ್ಕೋ ಗೊಬ್ಬರದ ಗುಂಡಿಗೋ? ಸುಸ್ಥಿರತೆ ಎಂದರೆ ಕೊನೆಗೆ ಇಂಥ ಸಣ್ಣ ತೀರ್ಮಾನಗಳೇ. ಅವನ್ನು ದಿನವಿಡೀ ಮಾಡುವವಳು ಸಾಮಾನ್ಯವಾಗಿ ಮನೆಯೊಡತಿ. ಬೇಸಿಗೆಯಲ್ಲಿ ಎಷ್ಟು ಅತಿಥಿಗಳಿಗೆ ನೀರು ಸಾಕಾಗುತ್ತದೆ ಎಂಬ ಲೆಕ್ಕವೂ ಅವಳ ಬೆರಳ ತುದಿಯಲ್ಲಿರುತ್ತದೆ. ಆದರೆ ಬೋರ್ಡು, ಪರವಾನಗಿ, ಬ್ಯಾಂಕ್ ಖಾತೆ ಎಲ್ಲದರಲ್ಲೂ ಎಷ್ಟೋ ಕಡೆ ಗಂಡನ ಹೆಸರೇ. ಅವಳ ದುಡಿಮೆಗೆ ಸಂಬಳವೂ ಇಲ್ಲ, ರಜೆಯೂ ಇಲ್ಲ.

ಹೆಣ್ಣು ಹುಟ್ಟಾ ಪ್ರಕೃತಿಪ್ರೇಮಿ ಎಂಬ ಹೊಗಳಿಕೆ ನನಗಂತೂ ಹಿಡಿಸುವುದಿಲ್ಲ. ನೀರು ಹೊರುವವಳಿಗೆ ನೀರಿನ ಬೆಲೆ ಗೊತ್ತಿರುತ್ತದೆ, ಅಷ್ಟೇ. ಗಂಡಸು ನಾಲ್ಕು ದಿನ ಹೊತ್ತರೆ ಅವನಿಗೂ ತಿಳಿಯುತ್ತದೆ.

ಇನ್ನು ಸಬಲೀಕರಣದ ಹೆಸರಿನಲ್ಲಿ ಹೆಂಗಸರಿಗೆ ಸಿಗುವುದು ಹೆಚ್ಚಾಗಿ ಹೊಲಿಗೆ, ಕರಕುಶಲದ ತರಬೇತಿ. ಚಾರಣದ ಮಾರ್ಗದರ್ಶನ, ವಾಹನ ಚಾಲನೆ, ಬುಕಿಂಗ್ ವ್ಯವಹಾರ ಗಂಡಸರ ಪಾಲಿಗೆ. ಟಿಪ್ಸ್ ಕೈಗೆ ಬೀಳುವುದೂ ಅಲ್ಲೇ, ಬಿಡಿ.